ಹೈಲೈಟ್ ಮೊದಲೋ, ಸಾರಾಂಶ ಮೊದಲೋ? ಎರಡೂ ಅಲ್ಲ

ಮೊಬೈಲಲ್ಲಿ ಗಮನವಿಟ್ಟು ಓದಲು ಆ್ಯಪ್ ಮಾಡುತ್ತಿದ್ದೀರಿ, ಹೈಲೈಟ್ ಮೊದಲು ಹಾಕಲಾ, ಎಐ ಸಾರಾಂಶ ಹಾಕಲಾ ಅಂತ ಕೇಳಿದ್ದೀರಿ. ಅಯ್ಯೋ, ನಾನೂ ಒಂದು ಕಾಲದಲ್ಲಿ ಇಂಥದೇ ಲೆಕ್ಕ ಹಾಕುತ್ತಾ ಕೂತವನು.

ಹಾಸನದ ಸಾಲಗಾಮೆ ರಸ್ತೆಯ ಒಂದು ಬಾಡಿಗೆ ರೂಮಲ್ಲಿ ಪ್ರತಿ ಭಾನುವಾರ ಎಂಟು ಜನ ಸೇರಿ ಓದುತ್ತಿದ್ದೆವು. ಹೆಚ್ಚಾಗಿ ಇತಿಹಾಸದ ಲೇಖನಗಳು. ಆ ಗುಂಪಿಗೆಂದೇ ಆ್ಯಪ್ ಮಾಡಿದೆ. ಐದು ಬಣ್ಣದ ಹೈಲೈಟ್, ಪದ ಒತ್ತಿದರೆ ಅರ್ಥ, ಏನುಂಟು ಏನಿಲ್ಲ!

ಎಡವಿದ್ದು ಸಾಲುಗಳ ನಡುವಿನ ಜಾಗದಲ್ಲಿ. ಇಂಗ್ಲಿಷಿಗೆ ಬಿಡುವಷ್ಟೇ ಅಂತರ ಕನ್ನಡಕ್ಕೂ ಬಿಟ್ಟಿದ್ದೆ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ ಅಲ್ವಾ? ‘ರಾಷ್ಟ್ರ’ದ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಕಣ್ಣಿಗೆ ಕಷ್ಟವಾಗಿ ಜನ ಅಕ್ಷರ ದೊಡ್ಡದು ಮಾಡಿಕೊಂಡರು. ದೊಡ್ಡದು ಮಾಡಿದ ಕೂಡಲೇ ಸಾಲುಗಳೆಲ್ಲ ಹೊಸದಾಗಿ ಮುರಿಯುತ್ತವೆ. ನಾನೋ, ಓದು ನಿಂತ ಜಾಗವನ್ನು ಮೇಲಿನಿಂದ ಎಷ್ಟು ಪಿಕ್ಸೆಲ್, ಅಂದರೆ ಪರದೆಯ ಎಷ್ಟು ಚುಕ್ಕಿ ಕೆಳಗೆ, ಅಂತ ಉಳಿಸಿದ್ದೆ! ಎಷ್ಟನೇ ಪ್ಯಾರಾ, ಅದರಲ್ಲಿ ಎಷ್ಟನೇ ಅಕ್ಷರ ಅಂತ ಉಳಿಸಿದ್ದರೆ ಸಾಕಿತ್ತು. ಗುರುತು ಹಾಕಿದ್ದು ಒಂದು ಕಡೆ, ತೆರೆದುಕೊಳ್ಳುತ್ತಿದ್ದದ್ದು ಮೂರು ಪ್ಯಾರಾ ಹಿಂದೆ. ಸಾಲದ್ದಕ್ಕೆ ಪುಟಗಳೇ ಇರಲಿಲ್ಲ, ಬರೀ ಸ್ಕ್ರಾಲ್.

ಒಂದು ಭಾನುವಾರ ರಿಟೈರ್ಡ್ ಮೇಷ್ಟ್ರೊಬ್ಬರು ‘ಆ ಕೆರೆ ಒಡೆದ ವಿಷಯ ಎಲ್ಲಿತ್ರಪ್ಪ?’ ಅಂದರು. ಹತ್ತು ನಿಮಿಷ ಎಲ್ಲರ ಹೆಬ್ಬೆರಳೂ ಓಡಿದ್ದೇ ಓಡಿದ್ದು. ಪುಸ್ತಕ ತಂದಿದ್ದ ಒಬ್ಬ ಹುಡುಗಿ ಮಾತ್ರ ತಟ್ಟನೆ ತೆರೆದಳು. ಎಡಪುಟ, ಕೆಳಗೆ, ಕಾಫಿ ಕಲೆಯ ಪಕ್ಕ. ಮುಂದಿನ ವಾರದಿಂದ ಎಲ್ಲರ ಕೈಯಲ್ಲೂ ಪುಸ್ತಕ. ನನ್ನ ಎರಡು ವರ್ಷ, ಮೂರು ಲಕ್ಷ ಉಳಿತಾಯ ಎರಡೂ ನೀರಿಗೆ ಹೋದವು.

ಆಮೇಲೆ ಗೊತ್ತಾಯಿತು, 2018ರಲ್ಲಿ ಸಂಶೋಧಕರು 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದರಂತೆ. ಪರದೆಯಲ್ಲಿ ಓದಿದವರಿಗಿಂತ ಕಾಗದದಲ್ಲಿ ಓದಿದವರಿಗೇ ಸ್ವಲ್ಪ ಜಾಸ್ತಿ ಅರ್ಥವಾಗಿತ್ತು. ಕಥೆ ಓದಿದಾಗ ಅಂಥ ವ್ಯತ್ಯಾಸವಿಲ್ಲ, ಮಾಹಿತಿಯ ಬರಹದಲ್ಲಿ ಇದೆ. ನಾವು ಓದುತ್ತಿದ್ದದ್ದು ಅದನ್ನೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಮೊದಲು ಅಲುಗಾಡದ ಪುಟ ಕೊಡಿ. ಅಕ್ಷರದ ಗಾತ್ರವನ್ನು ಓದುಗ ಶುರುವಿನಲ್ಲೇ ಆರಿಸಲಿ, ಆಮೇಲೆ ಪುಟ ಕದಲಬಾರದು. ಹೈಲೈಟ್ ಒಂದೇ ಬಣ್ಣ ಸಾಕು. ಸಾರಾಂಶವಂತೂ ಬೇಡವೇ ಬೇಡ. ಓದದೇ ಇರಲು ನೆಪ ಕೊಟ್ಟು ಅದನ್ನು ಓದೋ ಆ್ಯಪ್ ಅಂತ ಕರೆಯೋದು ಯಾಕೆ? ಐದು ಜನರಿಗೆ ಕೊಟ್ಟು, ಒಂದು ವಾರ ಬಿಟ್ಟು, ‘ಆ ಸಾಲು ಎಲ್ಲಿತ್ತು?’ ಅಂತ ಕೇಳಿ. ಅವರ ಹೆಬ್ಬೆರಳು ನೋಡ್ತಾ ಇರಿ.