ಮುದ್ರಕರ ಹೆಸರಿದೆ, ಚಿತ್ರ ಬರೆದವರದೇಕಿಲ್ಲ?

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದ ಹಳೆಯ ಬೀಡಿ ಲೇಬಲು, ಕ್ಯಾಲೆಂಡರುಗಳ ಅಡಿಯಲ್ಲಿ ಮುದ್ರಣಾಲಯದ ಹೆಸರಿದೆ, ಚಿತ್ರ ಬರೆದವರ ಹೆಸರಿಲ್ಲ. ಕಾರಣವೇನು?
— ಓದುಗರೊಬ್ಬರು, ಉಡುಪಿ

ಉತ್ತರ: ಅಚ್ಚಾದುದಕ್ಕೆ ಹೊಣೆ ಯಾರೆಂದು ಸರಕಾರಕ್ಕೆ ತಿಳಿಯಬೇಕಿತ್ತು. ಅದಕ್ಕಾಗಿ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯು ಪುಸ್ತಕಗಳ ಮೇಲೂ ಅಚ್ಚಾದ ಇತರ ಕಾಗದಪತ್ರಗಳ ಮೇಲೂ ಮುದ್ರಕರ ಹೆಸರನ್ನೂ ಸ್ಥಳವನ್ನೂ ಕಡ್ಡಾಯಗೊಳಿಸಿತು. ಚಿತ್ರಕಾರರ ಹೆಸರನ್ನು ಯಾವ ಕಾಯ್ದೆಯೂ ಕೇಳಲಿಲ್ಲ.

ಕೆಲಸ ನಡೆಯುತ್ತಿದ್ದ ಬಗೆಯೂ ಹೆಸರನ್ನು ಅಳಿಸುವಂಥದ್ದೇ. ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಚಿತ್ರ ಮೂಡಿಸಿ ಕಾಗದಕ್ಕೆ ಅಚ್ಚೊತ್ತುವ ಪದ್ಧತಿಯಲ್ಲಿ, ಮೂಲಚಿತ್ರ ಬರೆಯುವವರೊಬ್ಬರು, ಅದನ್ನು ಕಲ್ಲಿಗೆ ಇಳಿಸುವವರು ಇನ್ನೊಬ್ಬರು, ಶಾಯಿ ಉರುಳಿಸಿ ಅಚ್ಚು ತೆಗೆಯುವವರು ಮತ್ತೊಬ್ಬರು. ಇವರಲ್ಲಿ ಹೆಚ್ಚು ಅನ್ಯಾಯವಾದದ್ದು ನಡುವಿನವರಿಗೆ ಎಂದು ನನಗನಿಸುತ್ತದೆ. ನೇರವಾಗಿ ಕಲ್ಲಿನ ಮೇಲೆ ಬರೆಯುವಾಗ ಅವರು ಅಕ್ಷರ, ಆಕೃತಿಗಳನ್ನು ಎಡಬಲ ತಿರುಗಿಸಿ ಬರೆಯಬೇಕಿತ್ತು; ಬಣ್ಣದ ಚಿತ್ರವಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ದೇವಿಯ ಕೆನ್ನೆಗೆ ಹಳದಿ ಎಷ್ಟು, ಕೆಂಪು ಎಷ್ಟು ಎಂಬುದನ್ನು ಕಣ್ಣಳತೆಯಲ್ಲೇ ತೀರ್ಮಾನಿಸಿ, ಜಿಡ್ಡಿನ ಶಾಯಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಇಡಬೇಕಿತ್ತು. ಕಲ್ಲು ದುಬಾರಿಯಾದ್ದರಿಂದ ಮುದ್ರಣ ಮುಗಿದ ಮೇಲೆ ಅದನ್ನು ಮರಳು ಹಾಕಿ ಉಜ್ಜಿ ಮುಂದಿನ ಕೆಲಸಕ್ಕೆ ಸಿದ್ಧಮಾಡುತ್ತಿದ್ದರು. ಹೀಗಾಗಿ ಅವರ ಕೈಬರಹದ ಮೂಲವೂ ಉಳಿಯುತ್ತಿರಲಿಲ್ಲ. ಮುಂದೆ ಕ್ಯಾಮರಾ ಬಣ್ಣಗಳನ್ನು ಬೇರ್ಪಡಿಸತೊಡಗಿದಾಗ ಆ ಕಸುಬೇ ಹೋಯಿತು.

1843ರ ಜುಲೈ 1ರಂದು ಹೊರಬಂದ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವೂ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲೇ ಅಚ್ಚಾದುದು. ಅದರ ಸಂಪಾದಕ ಹರ್ಮನ್ ಮೊಗ್ಲಿಂಗರನ್ನು ನಾವು ಗೌರವದಿಂದ ನೆನೆಯುತ್ತೇವೆ. ಅದನ್ನು ಅಚ್ಚುಮಾಡಿದ ಕೈಗಳಿಗೂ ಆ ಗೌರವದಲ್ಲಿ ಪಾಲು ಸಲ್ಲಬೇಕು.

ಸ್ವಾತಂತ್ರ್ಯಾನಂತರದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಚಿತ್ರದ ಹಕ್ಕು ಮಾಲಿಕರದು, ಹಣ ಕೊಟ್ಟು ಬರೆಯಿಸಿದ ವರ್ಣಚಿತ್ರದ ಹಕ್ಕು ಬರೆಯಿಸಿದವರದು. ಆದರೆ ಅದೇ ಕಾಯ್ದೆಯ 57ನೆಯ ಕಲಮಿನ ಪ್ರಕಾರ, ಕೃತಿಸ್ವಾಮ್ಯವನ್ನು ಬಿಟ್ಟುಕೊಟ್ಟ ಮೇಲೂ ‘ಇದನ್ನು ರಚಿಸಿದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದನಲ್ಲೇ ಉಳಿಯುತ್ತದೆ. ಆದ್ದರಿಂದ ಹಳೆಯ ಲೇಬಲುಗಳನ್ನು ಪುಸ್ತಕದಲ್ಲೋ ಪ್ರದರ್ಶನದಲ್ಲೋ ಬಳಸುವವರು ಬರೆದವರ ಹೆಸರನ್ನು ಹುಡುಕಿ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮಲ್ಲಿರುವವು ನಿಮ್ಮ ಕಡೆಯ ಜಿಲ್ಲೆಗಳಲ್ಲೇ ಅಚ್ಚಾದವಾದರೆ, ಆ ಮುದ್ರಣಾಲಯದ ಹಳೆಯ ಸಂಬಳದ ಪುಸ್ತಕಗಳನ್ನೂ ಅಲ್ಲಿ ದುಡಿದ ಹಿರಿಯರನ್ನೂ ಮೊದಲು ವಿಚಾರಿಸಿ.