ಕುಷ್ಟಗಿ ಕಡೆಯ ಬಿಸಿಲಿಗೆ ಯಾವ ಮರ ನೆಡಬೇಕು?

ಕುಷ್ಟಗಿ ಹತ್ತಿರ ಊರಾಚೆ ಮನೆ ಕಟ್ಟಿದ್ದೀರಿ, ಸುತ್ತ ಒಂದು ಗಿಡವೂ ಇಲ್ಲ, ಬೋರಿನಲ್ಲಿ ನೀರು ಅಷ್ಟಕ್ಕಷ್ಟೆ, ಹಿಂದೆ ಎರಡು ಎಕರೆ ಹೊಲ ಇದೆ. ಬೇಗ ನೆರಳು ಕೊಡುವ, ಒಣಗದ ಮರ ಯಾವುದು ಎಂದು ಕೇಳಿದ್ದೀರಿ. ನಾನು ಪಕ್ಕದ ರಾಯಚೂರು ಜಿಲ್ಲೆಯವನು, ಇದೇ ಬಿಸಿಲಲ್ಲಿ ಬೆಳೆದವನು.

ನರ್ಸರಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಏಪ್ರಿಲ್ ಕೊನೆಗೆ ಮಟಮಟ ಮಧ್ಯಾಹ್ನ ನಿಮ್ಮೂರ ಸುತ್ತ ಅಡ್ಡಾಡಿ, ಕುರಿ ಮೇಯಿಸುವವರು ಯಾವ ಮರದ ಬುಡದಲ್ಲಿ ಕೂತಿದ್ದಾರೆ ನೋಡಿ ಬನ್ನಿ. ಬರ ತಡೆಯುವ ಮರಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಎಷ್ಟೋ ಮರಗಳು ಬರ ತಡೆಯುವುದೇ ಎಲೆ ಉದುರಿಸಿ. ಮುತ್ತುಗ ಬೇಸಿಗೆಯ ಶುರುವಿನಲ್ಲಿ ಮೈತುಂಬ ಹೂ ಬಿಟ್ಟಿರುತ್ತದೆ, ಎಲೆ ಹುಡುಕಿದರೂ ಸಿಗದು. ಬಾಗೆ ಮರ ಒಣಗಿದ ಕಾಯಿ ಗಲಗಲ ಅನ್ನಿಸುತ್ತ ಬೋಳಾಗಿ ನಿಂತಿರುತ್ತದೆ. ನಿಮಗೆ ನೆರಳು ಬೇಕಾದದ್ದು ಆಗಲೇ ಅಲ್ಲವೇ? ಬೇವು, ಹೊಂಗೆ ಎರಡೂ ಎಲೆ ಉದುರಿಸಿದರೂ ಯುಗಾದಿ ಆಸುಪಾಸಿನಲ್ಲಿ ಮತ್ತೆ ಚಿಗುರಿ, ನಡುಬೇಸಿಗೆಗೆ ತುಂಬಿಕೊಂಡಿರುತ್ತವೆ. ಹಾಗಾಗಿ ಮನೆಯ ಹತ್ತಿರಕ್ಕೆ ನನ್ನ ಉತ್ತರ ಇವೆರಡೇ. ಹೊಂಗೆಗೆ ಇನ್ನೊಂದು ಗುಣವಿದೆ: ಆಡು, ದನ ಅದರ ಎಲೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಬೇಲಿ ಇಲ್ಲದ ಕಡೆ ಇದು ಸಣ್ಣ ಮಾತಲ್ಲ.

ಎಲ್ಲಿ ನೆಡುವುದು ಎನ್ನುವುದೂ ಅಷ್ಟೇ ಮುಖ್ಯ. ಮೇ ಮೊದಲ ವಾರ ನಮ್ಮ ಕಡೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ಆಗಸ್ಟ್‌ವರೆಗೆ ತುಸು ಉತ್ತರಕ್ಕೇ ಇರುತ್ತಾನೆ. ದಕ್ಷಿಣಕ್ಕೆ ನೆಟ್ಟ ಮರದಿಂದ ಬೇಸಿಗೆಯಲ್ಲಿ ಗೋಡೆಗೆ ಅಂಥ ಉಪಯೋಗವಿಲ್ಲ. ರಾತ್ರಿ ಹತ್ತಕ್ಕೂ ಬಿಸಿ ಉಗುಳುವುದು ಪಡುವಣ ಗೋಡೆ. ಇರುವ ನೀರನ್ನೆಲ್ಲ ಪಶ್ಚಿಮ ಮತ್ತು ವಾಯವ್ಯಕ್ಕೆ ನೆಟ್ಟ ಗಿಡಗಳಿಗೆ ಖರ್ಚು ಮಾಡಿ. ಗೋಡೆಯಿಂದ ಹದಿನೈದು ಅಡಿಯಾದರೂ ಬಿಡಿ, ಮೇಲೆ ಕರೆಂಟಿನ ತಂತಿ ಇದೆಯೇ ನೋಡಿಕೊಳ್ಳಿ.

ನಿಮ್ಮದು ಎರಿಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ಹೇಳಿಲ್ಲ. ಮಸಾರಿ, ಗರಸು ನೆಲವಾದರೆ ಬೇವು ಕಣ್ಣು ಮುಚ್ಚಿ ನೆಡಬಹುದು. ಎರಿ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಎಳೆಯ ಬೇರು ಹರಿದುಹೋಗುತ್ತದೆ. ಮಳೆಗಾಲದಲ್ಲಿ ಅದೇ ನೆಲದಲ್ಲಿ ನೀರು ನಿಂತರೆ ಬೇವು ಸೊರಗುತ್ತದೆ. ಅಲ್ಲಿಗೆ ಹೊಂಗೆಯೇ ವಾಸಿ, ಹೊಲದ ಅಂಚಿಗಾದರೆ ಕರಿಜಾಲಿ.

ಹೊಲದ ಒಡ್ಡಿಗೆ ಬನ್ನಿ ಹಾಕಿ. ದಸರೆಗೆ ಎಲೆ ತರಲು ಊರೆಲ್ಲ ಹುಡುಕಾಡುತ್ತಾರೆ, ನೆಡುವವರು ಮಾತ್ರ ಯಾರೂ ಇಲ್ಲ. ಅದರ ನೆರಳು ತೆಳು, ಕೆಳಗೆ ಸಜ್ಜೆ, ತೊಗರಿ ಬೆಳೆಯುತ್ತದೆ, ಎಲೆ ಆಡಿಗೆ ಮೇವು. ಕಲ್ಲು ನೆಲಕ್ಕೆ ಕಮರ ಒಳ್ಳೆಯದು, ಆದರೆ ಮೊದಮೊದಲು ಬೇರನ್ನೇ ಆಳಕ್ಕೆ ಇಳಿಸುತ್ತ ಮೇಲೆ ಬೆಳೆಯುವುದೇ ಇಲ್ಲ ಅನ್ನಿಸುತ್ತದೆ, ಸತ್ತಿತೆಂದು ಕೀಳಬೇಡಿ. ಆದಾಯ ಬೇಕೆಂದರೆ ಕಸಿ ಹುಣಸೆ, ಬಾರಿ (ಬೋರೆ ಹಣ್ಣು), ಸೀತಾಫಲ. ಹುಣಸೆಯ ದಟ್ಟ ನೆರಳಲ್ಲಿ ಬೆಳೆ ಬಾರದು, ಮೂಲೆಗೆ ಹಾಕಿ.

ನರ್ಸರಿಯವರು ಕೋನೋಕಾರ್ಪಸ್ ಎಂಬ ಹೊರದೇಶದ ಗಿಡ ತೋರಿಸಿ, ವರ್ಷದಲ್ಲಿ ಹಸಿರು ಗೋಡೆ ಎದ್ದುಬಿಡುತ್ತದೆ ಅನ್ನುತ್ತಾರೆ. ಏಳುತ್ತದೆ ನಿಜ. ಪೈಪು, ಚರಂಡಿಗೆ ಬೇರು ನುಗ್ಗುತ್ತದೆ ಎನ್ನುವುದು, ಪರಾಗದಿಂದ ಉಸಿರಾಟದ ತೊಂದರೆ ಎನ್ನುವುದು ಅದರ ಮೇಲಿನ ದೂರು. ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಬಳ್ಳಾರಿ ಜಾಲಿಯ ಸುದ್ದಿಗಂತೂ ಹೋಗಬೇಡಿ. ಕುರಿ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಏಳುತ್ತದೆ, ಆಮೇಲೆ ಜೆಸಿಬಿಯೇ ಬೇಕು.

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ಸಣ್ಣ ಚೀಲದಲ್ಲಿ ಆರಡಿ ಬೆಳೆದ ಗಿಡದ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೂ ಅಲ್ಲೇ ಸುತ್ತುತ್ತದೆಯೇ ಹೊರತು ಆಳಕ್ಕೆ ಇಳಿಯದು. ಎರಡಡಿಯ ಗಟ್ಟಿ ಕಾಂಡದ ಸಸಿ ಸಾಕು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಹೊಲಕ್ಕೆ ನೆಡುವುದಾದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬಗ್ಗೆಯೂ ಅಲ್ಲೇ ವಿಚಾರಿಸಿ, ಬದುಕುಳಿದ ಗಿಡಗಳ ಲೆಕ್ಕದಲ್ಲಿ ಮೂರು ವರ್ಷ ಹಣ ಕೊಡುತ್ತಾರೆ.

ಮೇ ತಿಂಗಳಲ್ಲೇ ಎರಡಡಿ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಎರಡು ಹಿಡಿ ಬೇವಿನ ಹಿಂಡಿ ಕೂಡಿಸಿ ತುಂಬಿ. ಮುಂಗಾರಿನ ಮೊದಲ ಹನಿಗೇ ನೆಡಬೇಡಿ, ನಮ್ಮಲ್ಲಿ ಜೂನ್ ಮಳೆ ಕೈಕೊಡುವುದು ಜಾಸ್ತಿ. ನೆಲ ಒಂದಡಿ ತೊಯ್ದ ಮೇಲೆ ನೆಡಿ. ದಿನಾ ಒಂದು ತಂಬಿಗೆ ಸುರಿದರೆ ಬೇರು ಮೇಲೇ ಉಳಿಯುತ್ತದೆ, ವಾರಕ್ಕೊಮ್ಮೆ ಎರಡು ಕೊಡ ಹಾಕುವುದು ಮೇಲು. ಬುಡದ ಸುತ್ತ ಶೇಂಗಾ ಹೊಟ್ಟು ಹರಡಿ, ಕಾಂಡಕ್ಕೆ ತಾಗಿಸಬೇಡಿ. ಎರಡು ಬೇಸಿಗೆ ಹೀಗೆ ದಾಟಿಸಿದರೆ ಬೇವಿಗೆ ನಿಮ್ಮ ಹಂಗಿರುವುದಿಲ್ಲ.

ಬೇವು ನೆರಳು ಕೊಡಲು ಐದಾರು ವರ್ಷ ಬೇಕು, ಅದಕ್ಕಿಂತ ಬೇಗ ಅಂದರೆ ಸುಳ್ಳು. ಅಲ್ಲಿಯವರೆಗೆ ಪಡುವಣಕ್ಕೆ, ಬೇವುಗಳ ನಡುವೆ ನುಗ್ಗೆ ಟೊಂಗೆ ಊರಿ. ವರ್ಷದಲ್ಲಿ ಮನೆ ಮಟ್ಟಕ್ಕೆ ಬರುತ್ತದೆ, ಸಾರಿಗೆ ಕಾಯಿಯೂ ಆಯಿತು. ಬೇವು ಮೇಲೆದ್ದ ಮೇಲೆ ಕಡಿದು ಹಾಕಿ.