ಪ್ರದರ್ಶನದ ಕಪಾಟಿಗೆ ಏರಿದ ಮೆಟ್ಟು

ಓದುಗರ ಪತ್ರ: ಡಚ್ಚರ ಮರದ ಬೂಟು, ಅಂದರೆ ಕ್ಲಾಗ್ಸ್‌ನ ಚಿತ್ರಕ್ಕೆ ಕಳೆದ ಸಂಚಿಕೆಯಲ್ಲಿ ಅರ್ಧ ಪುಟ ಕೊಟ್ಟಿದ್ದೀರಿ. ಕಾಲಿಗೆ ಕೊರಡು ಕಟ್ಟಿಕೊಂಡು ನಡೆಯುವುದರಲ್ಲಿ ಏನು ಹೆಚ್ಚುಗಾರಿಕೆ? ಅದು ಅಂದಿನ ಬಡತನದ ಗುರುತು, ಇಂದಿನ ಪ್ರವಾಸಿಗರ ಆಟಿಕೆ.

ಸಂಪಾದಕರ ಉತ್ತರ: ಮರ ಬಾಗುವುದಿಲ್ಲ, ಹೊಸತರಲ್ಲಿ ಪಾದವನ್ನು ಉಜ್ಜುತ್ತದೆ, ಸದ್ದೂ ವಿಪರೀತ. ಅಷ್ಟನ್ನು ಒಪ್ಪಿದೆ. ಆದರೆ ಸ್ವಾಮೀ, ಆಟಿಕೆ ಎಂದಿರಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಸಿಕ್ಕ ಆಲ್ಡರ್ ಮರದ ಬೂಟು 1230ರ ಸುಮಾರಿನದು. ಜೌಗು ನೆಲದಲ್ಲಿ ದುಡಿಯುವ ರೈತ ಪಾಪ್ಲರ್ ಅಥವಾ ವಿಲೋ ಮರದ ಹಸಿ ತುಂಡನ್ನು ಕೊರೆದು ಮಾಡಿದ ಬೂಟಿನೊಳಗೆ ದಪ್ಪ ಕಾಲುಚೀಲ ತೊಟ್ಟು ಇಳಿದರೆ ಪಾದ ಬೆಚ್ಚಗೆ, ಒಣಗಿ ಇರುತ್ತಿತ್ತು. ಹಸು ತುಳಿದರೂ ಬೆರಳು ಉಳಿಯುತ್ತಿತ್ತು. ಯುರೋಪಿನ ಸುರಕ್ಷತಾ ಪರೀಕ್ಷೆಯಲ್ಲಿ ಗೆದ್ದು ಸಿ.ಇ. ಮುದ್ರೆ ಒತ್ತಿಸಿಕೊಂಡ ಮರದ ಬೂಟುಗಳು ಇಂದಿಗೂ ಇವೆ.

ನನಗೆ ಇನ್ನೂ ಪ್ರೀತಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಕ್ಲಾಗ್ಸ್ ಮೇಲೆ. ಅದರ ಅಟ್ಟೆ ಮಾತ್ರ ಮರದ್ದು, ಮೇಲ್ಭಾಗ ಚರ್ಮ, ಅಟ್ಟೆಯಡಿ ಕುದುರೆ ಲಾಳದಂಥ ಕಬ್ಬಿಣದ ಪಟ್ಟಿ. ಹತ್ತಿ ಗಿರಣಿಯ ಒದ್ದೆ ನೆಲಕ್ಕೆ ಹೇಳಿ ಮಾಡಿಸಿದ್ದು. ಮಕ್ಕಳು ಹಾಸುಗಲ್ಲಿಗೆ ಕಾಲುಜ್ಜಿ ಕಿಡಿ ಹಾರಿಸುತ್ತಿದ್ದರಂತೆ! ಗಿರಣಿಯ ಕೆಲಸಗಾರರು ಆ ಸದ್ದನ್ನೇ ಪಳಗಿಸಿ ಕುಣಿತ ಕಟ್ಟಿದರು. ಚಾರ್ಲಿ ಚಾಪ್ಲಿನ್ ಬಾಲಕನಾಗಿ ವೃತ್ತಿರಂಗಕ್ಕೆ ಹೆಜ್ಜೆಯಿಟ್ಟದ್ದು 'ಎಯ್ಟ್ ಲ್ಯಾಂಕಾಶೈರ್ ಲ್ಯಾಡ್ಸ್' ಎಂಬ ಕ್ಲಾಗ್ಸ್ ಕುಣಿತದ ತಂಡದೊಂದಿಗೆ. ಇನ್ನು ಶಸ್ತ್ರಚಿಕಿತ್ಸೆಗೆ ಗಂಟೆಗಟ್ಟಲೆ ನಿಲ್ಲುವ ಎಷ್ಟೋ ವೈದ್ಯರು ತೊಡುವುದು ಇದೇ ಕುಲದ ಮೆಟ್ಟು. ಅವರ ಕಾಲು ನೋಡಿ ಬಡತನವೆಂದು ನೀವು ಮರುಗಲಾರಿರಿ.

ದುಡಿಮೆಯ ವಸ್ತುವನ್ನು ಬಣ್ಣ ಬಳಿದು ಕಪಾಟಿಗೆ ಏರಿಸುವುದು, ಆಮೇಲೆ ಅದು ಅಲಂಕಾರದ್ದೆಂದು ಮೂಗು ಮುರಿಯುವುದು, ಎರಡೂ ನಮ್ಮದೇ ಕೆಲಸ. ಕಬ್ಬಿಣದ ಪಟ್ಟಿ ಸವೆದರೆ ಕ್ಲಾಗ್ಸ್ ಮಾಡುವವನು ಮೊಳೆ ಕಿತ್ತು ಹೊಸದನ್ನು ಜಡಿಯುತ್ತಿದ್ದ. ಅಟ್ಟೆ ಸವೆದರೆ ಅದೇ ಚರ್ಮಕ್ಕೆ ಬೇರೆ ಮರ ಕೂಡಿಸುತ್ತಿದ್ದ. ನನ್ನ ಈಗಿನ ಓಟದ ಬೂಟು ನಾನೆಂದೂ ಓಡದಿದ್ದರೂ ಹಿಮ್ಮಡಿಯಲ್ಲಿ ಬಾಯಿಬಿಟ್ಟಿದೆ. ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ ಅದನ್ನು ತಿರುಗಿಸಿಯೂ ನೋಡದೆ ಹೊಸ ಮಾದರಿಗಳ ಪಟ್ಟಿಯನ್ನು ಕೈಗಿತ್ತ.